ಡೆವೆಂಟರಿನ ಚೌಕದಲ್ಲಿ ಹೆಬ್ಬಾಳ ಸರ್ಕಲ್

ದೋಹಾ

ವಿಮಾನ ಬದಲಿಸಲು ದೋಹಾದಲ್ಲಿ ಇಳಿದು ನಾನಿನ್ನೂ ಬಾತ್‌ರೂಮ್ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ತನ್ನ ಟಿಕೆಟ್ಟನ್ನು ನನ್ನ ಮುಖಕ್ಕೆ ಹಿಡಿದು ಗೇಟು ಯಾವ ಕಡೆ ಎಂದು ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ಅವರು ನಂಬಲಿಲ್ಲ. ತಪ್ಪು ಅವರದಲ್ಲ. ನಾನು ತೊಟ್ಟಿದ್ದು ನಮ್ಮ ಬ್ಯಾಂಡ್ ಸೆಟ್ಟಿನ ಕೆಂಪು ಕೋಟು. ಭುಜಕ್ಕೆ ಚಿನ್ನದ ಬಣ್ಣದ ಕುಚ್ಚು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಸೂಟ್‌ಕೇಸಿನಲ್ಲಿ ಮಡಚಿಟ್ಟರೆ ಕುಚ್ಚು ಹಾಳಾಗುತ್ತದೆಂದು ನನ್ನ ಹೆಂಡತಿ ಜಯಮ್ಮ ಅದನ್ನು ನನ್ನ ಮೈಮೇಲೆಯೇ ಹಾಕಿ ಕಳಿಸಿದ್ದಳು.

"ಅಂಕಲ್, ಅದನ್ನ ಬಿಚ್ಚಿ ಕೈಲಿ ಇಟ್ಕೊಳ್ರಿ," ಎಂದಳು ನಮ್ಮ ತಂಡದ ಅನಘಾ. "ಎಲ್ರೂ ನಿಮ್ಮನ್ನ ಏರ್‌ಪೋರ್ಟ್ ಸ್ಟಾಫ್ ಅನ್ಕೊಂಡಿದಾರೆ."

"ಅನ್ಕೊಳ್ಳಿ ಬಿಡಮ್ಮ. ಏನ್ ನಷ್ಟ?"

"ಬಿಚ್ಬೇಡಿ ಅಂಕಲ್," ಎಂದ ಬೇಸ್ ಗಿಟಾರಿನ ಜೋಯಲ್. "ಈ ಕೋಟ್ ನೋಡಿ ನಮಗೆ ಮುಂದಿನ ಸೀಟ್ ಕೊಟ್ರೂ ಕೊಡಬಹುದು."

ಸೀಟೇನೂ ಕೊಡಲಿಲ್ಲ. ಆದರೆ ಮೂರನೆಯವರು ದಾರಿ ಕೇಳುವ ಹೊತ್ತಿಗೆ ನಾನು ಬೋರ್ಡು ನೋಡುವುದನ್ನು ಕಲಿತಿದ್ದೆ. ಸರಿಯಾಗಿಯೇ ಕೈ ತೋರಿಸಿ ಕಳಿಸಿದೆ. ಅವರು ಥ್ಯಾಂಕ್ಸ್ ಎಂದರು, ನಾನು ಸಲ್ಯೂಟ್ ಹೊಡೆದೆ. ಕೋಟು ಹಾಕಿಕೊಂಡ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು.

ಅಮೃತಹಳ್ಳಿ, ಹೊರಡುವ ಮೊದಲು

ನನ್ನ ಹೆಸರು ಮುನಿರಾಜು. ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿನ ಹಿಂದೆ ನಮ್ಮ ಸೆಟ್ಟಿನ ಶೆಡ್ಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಬ್ಯಾಂಡ್ ಸೆಟ್ಟಿಗೆ ಸೇರಿದವನು ಇವತ್ತು ಅದೇ ಸೆಟ್ಟಿನ ಯಜಮಾನ. ಯಲಹಂಕದಿಂದ ಯಶವಂತಪುರದವರೆಗೆ ಯಾವ ಛತ್ರದ ಬಾಗಿಲು ಎಷ್ಟು ಅಗಲ, ಯಾವ ಬೀದಿಯಲ್ಲಿ ಕರೆಂಟ್ ತಂತಿ ತಗ್ಗಿ ನಿಂತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ನನ್ನ ವಾದ್ಯ ಕ್ಲಾರಿನೆಟ್. ಮೆರವಣಿಗೆಯಲ್ಲಿ ತುತ್ತೂರಿಗಳು ಎಷ್ಟೇ ಕೂಗಾಡಲಿ, ಹಾಡು ಹೇಳುವುದು ಕ್ಲಾರಿನೆಟ್ಟೇ.

ವಿದ್ಯಾರಣ್ಯಪುರದ ಒಂದು ಮದುವೆಯಲ್ಲಿ ನಾನು ಊದುತ್ತಿದ್ದಾಗ ರೇಷ್ಮೆ ಸೀರೆಯ ಒಬ್ಬ ಹುಡುಗಿ ಗಂಡಿನ ಸಾರೋಟನ್ನು ಬಿಟ್ಟು ನನ್ನ ಪಕ್ಕದಲ್ಲೇ ಛತ್ರದವರೆಗೂ ನಡೆದು ಬಂದಳು. ಅವಳೇ ಅನಘಾ, ಸಹಕಾರನಗರದವಳು. "ಅಂಕಲ್, ಈ ಸೌಂಡನ್ನ ನಾನು ಕಂಪ್ಯೂಟರಲ್ಲಿ ಹುಡುಕ್ತಾ ಕೂತಿದೀನಿ. ನೀವು ನೋಡಿದ್ರೆ ರೋಡಲ್ಲಿ ಊದ್ತಾ ಇದೀರಾ!" ಎಂದಳು.

ಅವಳ ತಂಡದ ಹೆಸರು 'ಗ್ರಾಮಫೋನ್ ಗಲಾಟೆ'. ನಮ್ಮ ಅಜ್ಜಂದಿರ ಕಾಲದಲ್ಲಿ ಅಮೆರಿಕದವರು ಕುಣಿಯುತ್ತಿದ್ದ ಸ್ವಿಂಗ್, ಜಾಝ್ ಸಂಗೀತಕ್ಕೆ ಇವತ್ತಿನ ಧಡ್ ಧಡ್ ಸೇರಿಸಿ ನುಡಿಸುವುದು ಅವರ ಕೆಲಸ. ಅನಘಾ ಹಾಡುತ್ತಾಳೆ, ಲ್ಯಾಪ್‌ಟಾಪಿನಿಂದ ತಾಳ ಬಿಡುತ್ತಾಳೆ. ಆರ್.ಟಿ. ನಗರದ ಜೋಯಲ್ ಬೇಸ್ ಗಿಟಾರ್, ಸುಹಾಸ ಡ್ರಮ್ಸ್. ಅಮೃತಹಳ್ಳಿಯಲ್ಲಿ ಒಂದು ಮನೆಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಅಭ್ಯಾಸ. ಒಳಗೆ ಎಷ್ಟು ಕೂಗಿದರೂ ಹೊರಗೆ ಕೇಳುವುದಿಲ್ಲ. ಕೇಳಲಿ ಎಂದು ಊದುವವನು ನಾನು. ಮೊದಲ ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಊಟಕ್ಕೆ ಕೂತ ಹಾಗಾಯಿತು.

ಸ್ವಿಂಗ್ ನನಗೆ ಕಷ್ಟವಾಗಲಿಲ್ಲ. ಮದುವೆ ಸಾರೋಟಿನ ಕುದುರೆ ಟಾರು ರಸ್ತೆಯಲ್ಲಿ ನಡೆಯುವುದನ್ನು ಕೇಳಿದ್ದೀರಲ್ಲ: ಟಕ್-ಟಕ, ಟಕ್-ಟಕ. ಸ್ವರವನ್ನು ನೆಟ್ಟಗೆ ನಿಲ್ಲಿಸದೆ ಹಾಗೆ ಸ್ವಲ್ಪ ಓಲಾಡಿಸಿದರೆ ಆಯಿತು. ಕಷ್ಟವಾದದ್ದು ಬೇರೆ. ಅವರದೇ ಒಂದು ಹಾಡಿದೆ, 'ಹೆಬ್ಬಾಳ ಸರ್ಕಲ್' ಎಂದು. ಬಸ್ಸು, ಬೈಕು, ಲಾರಿ ಎಲ್ಲ ನುಗ್ಗಿ ಬರುವ ಹಾಗೆ ಸಂಗೀತ ನುಗ್ಗಿ ಬಂದು, ಒಮ್ಮೆಲೇ ಸಿಗ್ನಲ್ ಬಿದ್ದ ಹಾಗೆ ಎಲ್ಲ ನಿಂತುಬಿಡುತ್ತದೆ. ನಾಲ್ಕು ಎಣಿಕೆಯಷ್ಟು ಹೊತ್ತು ಒಂದು ಸದ್ದೂ ಇಲ್ಲ. ಆಮೇಲೆ ನನ್ನ ಕ್ಲಾರಿನೆಟ್ ಒಂಟಿಯಾಗಿ ಎದ್ದು, ಅದರ ಹಿಂದೆ ಮಿಕ್ಕವರು ಹೊರಡಬೇಕು.

ಆ ನಾಲ್ಕು ಎಣಿಕೆ ನನಗೆ ಮೈಮೇಲೆ ಜಿರಲೆ ಬಿಟ್ಟ ಹಾಗಾಗುತ್ತಿತ್ತು. ನನ್ನ ಸೋದರಮಾವ ಕಲಿಸಿದ ಮೊದಲ ಪಾಠವೇ ಇದು: ಗಂಡು ಛತ್ರದೊಳಗೆ ಕಾಲಿಡುವವರೆಗೆ ಸದ್ದು ನಿಲ್ಲಕೂಡದು. ಒಬ್ಬ ಉಸಿರು ತೆಗೆಯುವಾಗ ಇನ್ನೊಬ್ಬ ಊದುತ್ತಿರಬೇಕು. ಯಾಕೆ? ನಿಂತ ಆ ಗಳಿಗೆಯಲ್ಲೇ ಯಾರೋ ಒಂಟಿ ಸೀನು ಸೀನುತ್ತಾರೆ, ಯಾರೋ "ಹಾಳಾಗ್ ಹೋಗ್ಲಿ" ಎನ್ನುತ್ತಾರೆ, ಅದು ಗಂಡಿನ ಕಿವಿಗೆ ಬೀಳುತ್ತದೆ. ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದು ಇನ್ಯಾತಕ್ಕೆ? ಕೆಟ್ಟ ಸದ್ದು ಕೇಳಿಸದ ಹಾಗೆ ಮುಚ್ಚುವುದಕ್ಕೆ. ಮೂವತ್ತು ವರ್ಷದ ಮೇಲಾಯಿತು, ನನ್ನ ಊದಿನಲ್ಲಿ ಎಷ್ಟು ಸೀನು ಮುಳುಗಿಹೋಗಿವೆಯೋ ಲೆಕ್ಕವಿಟ್ಟವರಿಲ್ಲ. ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುವುದರಲ್ಲಿ ನನ್ನ ಪಾಲೂ ಇದೆ ಎಂದೇ ನಾನು ತಿಳಿದಿದ್ದೇನೆ.

ಅಮೃತಹಳ್ಳಿಯ ಆ ಕೋಣೆಯಲ್ಲಿ ಅನಘಾ ಎದುರಿಗೇ ನಿಂತು ಅಂಗೈ ಎತ್ತಿ ಹಿಡಿಯುತ್ತಿದ್ದಳು, ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಹಾಲೆಂಡಿನ ಡೆವೆಂಟರ್ ಎಂಬ ಊರಿನ ಸ್ವಿಂಗ್ ಹಬ್ಬಕ್ಕೆ ಕರೆ ಬಂದಾಗ ಕೊನೆಯ ದಿನದ ಕೊನೆಯ ಹಾಡು 'ಹೆಬ್ಬಾಳ ಸರ್ಕಲ್' ಎಂದು ಗೊತ್ತಾಯಿತು. ಅದರಲ್ಲಿ ಮುಂದೆ ನಿಲ್ಲುವವನು ನಾನು. ಈ ಸಂಗತಿಯನ್ನು ಚಿಕ್ಕಬಾಣಾವರದಲ್ಲಿ ಹೇಳದೆ ಬಿಟ್ಟ ಮನೆಯಿಲ್ಲ. ಭಾನುವಾರ ನಮ್ಮ ಶೆಡ್ಡಿನಲ್ಲಿ ಟಿವಿಗೆ ಫೋನು ಜೋಡಿಸಿ ಜಯಮ್ಮ, ಸೆಟ್ಟಿನವರು ಎಲ್ಲ ಲೈವ್ ನೋಡುವುದೆಂದು ತೀರ್ಮಾನವಾಗಿತ್ತು.

ರಿಯಾ ಅವರ ಮನೆ

ಡೆವೆಂಟರ್ ನದಿ ದಂಡೆಯ ಹಳೆಯ ಊರು. ನಮ್ಮನ್ನು ಊರವರ ಮನೆಗಳಲ್ಲಿ ಹಂಚಿ ಇಳಿಸಿದರು. ನನಗೂ ಜೋಯಲ್‌ಗೂ ಸಿಕ್ಕಿದ್ದು ರಿಯಾ ಎಂಬ ಹಿರಿಯ ಹೆಂಗಸಿನ ಮನೆ. ಬಹಳ ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಬೆಳ್ಳಿ ಕೂದಲು, ಕೆಂಪು ಷೂ, ಹೇಳಬೇಕಾದ್ದನ್ನು ನೇರವಾಗಿ ಹೇಳುವ ಬಾಯಿ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡೂ ಕುಂಟುಗಾಲಿನವು, ಹಾಗಾಗಿ ಒಂದರ ಹೆಗಲಿಗೆ ಇನ್ನೊಂದು ಕೈಹಾಕಿಕೊಂಡು ಚೆನ್ನಾಗಿಯೇ ನಡೆದವು.

ಆ ಮನೆಯ ಮೆಟ್ಟಿಲು ಮೆಟ್ಟಿಲಲ್ಲ, ಗೋಡೆಗೆ ಒರಗಿಸಿಟ್ಟ ಏಣಿ. ನನ್ನ ಕಾಲಿನ ಅರ್ಧ ಭಾಗ ಮಾತ್ರ ಅದರ ಮೇಲೆ ಕೂರುತ್ತಿತ್ತು. ಹತ್ತುವಾಗ ಹೇಗೋ ಹತ್ತಿದೆ. ಬೆಳಿಗ್ಗೆ ಇಳಿಯಲು ಹೋಗಿ, ಕೆಳಗೆ ನೋಡಿ, ಹಾಗೇ ತಿರುಗಿ ನಿಂತು ಹಿಂಬದಿಯಿಂದ ಇಳಿದೆ. ಕೆಳಗೆ ಕಾಫಿ ಹಿಡಿದು ನಿಂತಿದ್ದ ರಿಯಾ ನಗಲಿಲ್ಲ. "ಬುದ್ಧಿವಂತ. ನನ್ನ ಗಂಡ ಕೊನೆತನಕ ಮುಂದಕ್ಕೇ ಇಳಿದ, ಎರಡು ಸಲ ಬಿದ್ದ," ಎಂದರು. ಹಾಗಾದರೆ ಮಂಚ, ಬೀರು ಹೇಗೆ ಮೇಲಕ್ಕೆ ಹೋದವು ಎಂದು ಕೇಳಿದೆ. ಹೊರಗೆ ಕರೆದುಕೊಂಡು ಹೋಗಿ ತೋರಿಸಿದರು. ಒಂದೊಂದು ಮನೆಯ ನೆತ್ತಿಯಲ್ಲೂ ಕಬ್ಬಿಣದ ಕೊಕ್ಕೆ. ಅದಕ್ಕೆ ಹಗ್ಗ ಹಾಕಿ ಸಾಮಾನನ್ನು ಬೀದಿಯಿಂದಲೇ ಎಳೆದು ಕಿಟಕಿಯೊಳಗೆ ತೂರಿಸುತ್ತಾರಂತೆ.

ಕಿಟಕಿ ಎಂದೆನಲ್ಲ, ಅವಕ್ಕೆ ಪರದೆಯೇ ಇಲ್ಲ. ಸಂಜೆ ಬೀದಿಯಲ್ಲಿ ನಡೆದರೆ ಪ್ರತಿ ಮನೆಯ ಊಟದ ಮೇಜು ಕಾಣುತ್ತದೆ. ನಮ್ಮಲ್ಲಾದರೆ ಕಣ್ಣಿಗೆ ಕಣ್ಣು ಸಿಕ್ಕಿದ ಮೇಲೆ "ಊಟ ಆಯ್ತಾ?" ಎನ್ನದೆ ಮುಂದೆ ಹೋಗುವುದುಂಟೇ? ನಾನು ಪ್ರತಿ ಕಿಟಕಿಗೂ ಕೈ ಬೀಸುತ್ತಾ ಹೋದೆ. ಒಬ್ಬರು ಫೋರ್ಕು ಎತ್ತಿ ತೋರಿಸಿದರು. ಒಂದು ಮನೆಯವರು ಗಾಬರಿಯಾಗಿ ಎದ್ದು ನಿಂತರು.

"ಅಂಕಲ್, ಇಲ್ಲಿ ಪರದೆ ಹಾಕಲ್ಲ, ಆದ್ರೆ ನೋಡೋ ಹಾಗೂ ಇಲ್ಲ," ಎಂದ ಜೋಯಲ್.

"ನೋಡ್ಬಾರ್ದು ಅಂದ್ರೆ ತೆಗ್ದು ಯಾಕೋ ಇಟ್ಟಿದಾರೆ?"

ಅಷ್ಟು ಹೇಳಿ ಮುಂದಿನ ಕಿಟಕಿಗೂ ಕೈ ಬೀಸಿದೆ.

ಗೋದಾಮು

ಮೊದಲ ಕಚೇರಿ ನದಿಯ ಪಕ್ಕದ ಒಂದು ಹಳೆಯ ಧಾನ್ಯದ ಗೋದಾಮಿನಲ್ಲಿ. ಕುಣಿಯುವವರನ್ನು ನೋಡಿ ನನಗೆ ಆಶ್ಚರ್ಯವಾಯಿತು. ನಮ್ಮ ಮೆರವಣಿಗೆಯಲ್ಲಿ ಗಂಡಿನ ಸ್ನೇಹಿತರು ಕುಣಿಯುವುದೆಂದರೆ ಇದ್ದಲ್ಲೇ ಎಗರುವುದು. ಇಲ್ಲಿ ಜೋಡಿ ಜೋಡಿಯಾಗಿ, ಅಜ್ಜಿಯರಿಂದ ಕಾಲೇಜು ಹುಡುಗಿಯರವರೆಗೆ, ಪಟ್ಟಿ ಪ್ಯಾಂಟು, ಸುತ್ತು ಲಂಗ ಹಾಕಿಕೊಂಡು ಚಕ್ರದ ಹಾಗೆ ತಿರುಗುತ್ತಿದ್ದರು. ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ನಾನು ಊದಿದ ಸ್ವರ ಅವರ ಮೊಣಕಾಲಿನಲ್ಲಿ ಕಾಣುತ್ತಿತ್ತು. ಕೆಂಪು ಕೋಟಿಗೆ ಶಿಳ್ಳೆ ಬಿತ್ತು. ಮೈಯೆಲ್ಲ ಹಬ್ಬ.

ಆಮೇಲೆ 'ಹೆಬ್ಬಾಳ ಸರ್ಕಲ್' ಶುರುವಾಯಿತು. ಸಂಗೀತ ನುಗ್ಗಿತು, ನಿಂತಿತು. ಕುಣಿಯುತ್ತಿದ್ದವರೆಲ್ಲ ಕೈ ಎಲ್ಲಿತ್ತೋ ಅಲ್ಲೇ, ಕಾಲು ಎಲ್ಲಿತ್ತೋ ಅಲ್ಲೇ ಕಲ್ಲಾದರು. ಆ ನಿಶ್ಶಬ್ದದಲ್ಲಿ, ಮುಂದಿನ ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ಸೀನಿದ. ಒಂಟಿ ಸೀನು. ಗೋದಾಮಿನ ತೊಲೆ ಅದುರುವಂಥದ್ದು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಸೀನಿನ ಬಾಲ ಮುಗಿಯುವ ಮೊದಲೇ ಅದರ ಮೇಲೆ ಊದಿಬಿಟ್ಟಿದ್ದೆ. ಮದುವೆ ಮನೆಯ ಊದು, ಒಂದು ಮೈಲಿ ಕೇಳುವಂಥದ್ದು. ಕಲ್ಲಾಗಿ ನಿಂತಿದ್ದವರಲ್ಲಿ ಅರ್ಧ ಜನ ಹೊರಟರು, ಅರ್ಧ ಜನ ನಿಂತೇ ಇದ್ದರು, ಡಿಕ್ಕಿ ಹೊಡೆದರು. ಅನಘಾ ನಾಲ್ಕು ಎಣಿಸಿ ಒತ್ತಿದ ಲ್ಯಾಪ್‌ಟಾಪಿನ ತಾಳ ತನ್ನ ಹೊತ್ತಿಗೆ ಬಂತು, ಅಷ್ಟರಲ್ಲಿ ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಹಾಡು ಮುಗಿಯುವವರೆಗೂ ನಾವು ಒಬ್ಬರನ್ನೊಬ್ಬರು ಹುಡುಕುತ್ತಲೇ ಇದ್ದೆವು. ನಿಜವಾದ ಹೆಬ್ಬಾಳ ಸರ್ಕಲ್ಲೇ ಆಗಿಹೋಯಿತು.

ಜನ ನಕ್ಕು ಚಪ್ಪಾಳೆ ತಟ್ಟಿದರು. ಅನಘಾ ಮಾತ್ರ ನಗಲಿಲ್ಲ. ವಾದ್ಯ ಬಿಚ್ಚಿ ಒರೆಸುತ್ತಿದ್ದಾಗ ಪಕ್ಕಕ್ಕೆ ಬಂದು ಕೂತಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಭಾನುವಾರ ಆ ಒಂದು ಹಾಡು ಮಾತ್ರ ಈ ಊರಿನ ಕ್ಲಾರಿನೆಟ್‌ನವ್ರು ನುಡಿಸ್ಲಿ ಅಂತ ಹಬ್ಬದವ್ರು ಕೇಳ್ತಿದಾರೆ. ಮಿಕ್ಕಿದ್ದೆಲ್ಲಾ ನೀವೇ."

"ನೀನೇನ್ ಅಂದೆ?"

"ಯೋಚ್ನೆ ಮಾಡ್ತೀನಿ ಅಂದೆ. ನೋಡಿ, ಆ ಗ್ಯಾಪ್ ಇಲ್ದಿದ್ರೆ ಆ ಹಾಡೇ ಇಲ್ಲ ಅಂಕಲ್."

"ಅವ್ನು ಸೀನ್ದ ಕಣಮ್ಮ. ಹಂಗೇ ಬಿಡೋಕಾಗುತ್ತಾ?"

"ಸೀನ್ಲಿ ಅಂಕಲ್! ಅವ್ರ ಮೂಗು, ಅವ್ರ ಸೀನು!"

ಊದುವವನಿಗೆ 'ಆ ಹಾಡಿಗೆ ನೀವು ಬೇಡ' ಎನ್ನುವುದು ಅಡುಗೆ ಭಟ್ಟನಿಗೆ 'ಸಾರು ನೀವು ಮುಟ್ಟಬೇಡಿ' ಎಂದ ಹಾಗೆ. ಚಿಕ್ಕಬಾಣಾವರದ ಶೆಡ್ಡಿನಲ್ಲಿ ಟಿವಿ ಮುಂದೆ ಕೂತವರೆಲ್ಲ ನನ್ನ ಜಾಗದಲ್ಲಿ ಇನ್ನೊಬ್ಬನನ್ನು ನೋಡುವುದು ಕಣ್ಣಿಗೆ ಕಟ್ಟಿತು. ಆ ಸಂಜೆ ಯಾವ ಕಿಟಕಿಗೂ ಕೈ ಬೀಸಲಿಲ್ಲ.

ಹುಟ್ಟುಹಬ್ಬದ ಮನೆ

ಮರುದಿನ ರಿಯಾ ಅವರ ಅಕ್ಕನ ಹುಟ್ಟುಹಬ್ಬ. ನನ್ನನ್ನೂ ಜೋಯಲ್‌ನನ್ನೂ ಕರೆದುಕೊಂಡು ಹೋದರು. ಹಾಲಿನ ಸುತ್ತ ಗೋಡೆಗೆ ಒರಗಿಸಿ ಕುರ್ಚಿ ಹಾಕಿ, ಎಲ್ಲರೂ ವೃತ್ತವಾಗಿ ಕೂತಿದ್ದರು. ಯಾರೂ ಎದ್ದು ಓಡಾಡುವ ಹಾಗಿಲ್ಲ. ಒಳಗೆ ಬಂದವರು ವೃತ್ತದ ಒಂದು ತುದಿಯಿಂದ ಶುರುಮಾಡಿ ಪ್ರತಿಯೊಬ್ಬರಿಗೂ ಕೈ ಕುಲುಕಿ ಅಭಿನಂದನೆ ಹೇಳುತ್ತಾರೆ. ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ತಂಗಿಗೆ, ಭಾವನಿಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ. ಒಬ್ಬ ಹಿರಿಯರು ನನಗೂ ಕೈ ಕೊಟ್ಟು "ಅಭಿನಂದನೆಗಳು" ಎಂದರು. ನಿನ್ನೆ ನನ್ನನ್ನು ಯಾರೂ ಅಭಿನಂದಿಸಿರಲಿಲ್ಲವಾದ್ದರಿಂದ ನಾನು ಬೇಡ ಎನ್ನಲಿಲ್ಲ.

ಒಂದು ತುಂಡು ಕೇಕು ಬಂತು. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಬಂತು. ತಲೆಗೊಂದು ತೆಗೆದುಕೊಂಡ ಮೇಲೆ ಡಬ್ಬಿಯ ಮುಚ್ಚಳ ಟಪ್ ಎಂದು ಮುಚ್ಚಿಕೊಂಡಿತು. ನಮ್ಮಲ್ಲಿ ಬಡಿಸುವವರು ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನೂ ದಾಟಿ ಹೋಳಿಗೆ ಹಾಕುತ್ತಾರೆ. ಇಲ್ಲಿ ಬೇಕು ಎಂದು ಮುಖ ಮಾಡಿದರೂ ಮುಚ್ಚಳ ತೆರೆಯುವುದಿಲ್ಲ. ಆದರೆ ಆ ಊರಿನದೇ ಒಂದು ಜೇನಿನ ಕೇಕು, ಲವಂಗ, ದಾಲ್ಚಿನ್ನಿ ಹಾಕಿದ್ದು, ಬೆಣ್ಣೆ ಸವರಿ ಕೊಟ್ಟರು. ಅದನ್ನು ತಿಂದ ಮೇಲೆ ಬಿಸ್ಕತ್ತಿನ ದುಃಖ ಮರೆತುಹೋಯಿತು.

ನನ್ನ ಮುಖ ನೋಡಿ ರಿಯಾ ಏನಾಯಿತು ಎಂದು ಕೇಳಿದರು. ಗೋದಾಮಿನಲ್ಲಿ ಅವರೂ ಕುಣಿಯುತ್ತಿದ್ದರು. ನಾನು ಸೀನಿನ ವಿಷಯ ಹೇಳಿದೆ, ತಾಳಿ, ಗಟ್ಟಿಮೇಳ ಎಲ್ಲ ಸೇರಿಸಿ. ಅರ್ಥವಾಗದ ಕಡೆ ಜೋಯಲ್ ಅನುವಾದ ಮಾಡಿದ. ವೃತ್ತ ಪೂರ್ತಿ ಕಿವಿಗೊಟ್ಟು ಕೇಳಿತು.

"ಇಲ್ಲಿ ಮೂರು ಸಲ ಸೀನಿದರೆ ನಾಳೆ ಬಿಸಿಲು ಎನ್ನುತ್ತೇವೆ," ಎಂದರು ಅಕ್ಕ.

"ಒಂದೇ ಸಲ ಸೀನಿದರೆ?"

"ನೆಗಡಿ," ಎಂದರು ರಿಯಾ.

ರಿಯಾ ಅವರ ಅಡುಗೆಮನೆ

ಮನೆಗೆ ಬಂದ ಮೇಲೆ ರಿಯಾ ಅಡುಗೆಮನೆಯ ಮೇಜನ್ನು ಗೋಡೆಗೆ ತಳ್ಳಿದರು. ಫೋನಿನಲ್ಲಿ ಒಂದು ಹಳೆಯ ಸ್ವಿಂಗ್ ಹಾಕಿ ನನ್ನ ಕೈ ಹಿಡಿದರು. ನಾನು ಹಿಂದೆ ಸರಿದೆ.

ಊರನ್ನೆಲ್ಲ ಕುಣಿಸಿದವನು ನಾನು, ನಿಜ. ನಾನೇ ಒಂದು ದಿನವೂ ಕುಣಿದವನಲ್ಲ. ಊದುವವರು ಕುಣಿಯುವುದಿಲ್ಲ, ಅದು ನಮ್ಮಲ್ಲಿ ಗೌರವದ ಪ್ರಶ್ನೆ. ಮೇಲಾಗಿ ಪರಸ್ತ್ರೀಯ ಕೈ. ಬಾಗಿಲಲ್ಲಿ ನಿಂತಿದ್ದ ಜೋಯಲ್ ಫೋನು ಎತ್ತಿದ.

"ವಿಡಿಯೋ ಮಾಡಿದ್ರೆ ಕಾಲು ಮುರೀತೀನಿ ಕಣೋ!"

"ಆಂಟಿಗೆ ಕಳ್ಸಲ್ಲ ಅಂಕಲ್, ಪ್ರಾಮಿಸ್. ನಿಮ್ಮ ಸೆಟ್ಟಿನ ಗ್ರೂಪಿಗೆ ಮಾತ್ರ."

ಅವನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿದ ಮೇಲೆ ಹೆಜ್ಜೆ ಶುರುವಾಯಿತು. ಮೊದಲು ರಿಯಾ ಅವರ ಕೆಂಪು ಷೂ ತುಳಿದೆ, ಆಮೇಲೆ ಬೆಕ್ಕಿನ ಬಟ್ಟಲನ್ನು ಒದ್ದೆ. ಆದರೆ ಟಕ್-ಟಕ ಕಾಲಿಗೆ ಇಳಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಹೊತ್ತಿಗೆ ಅವರು ಕೈ ಚಾಚಿ ಫೋನನ್ನು ತಟ್ಟನೆ ನಿಲ್ಲಿಸಿದರು.

ನಾವಿಬ್ಬರೂ ನಿಂತೆವು. ಅವರ ಭಾರ ಅರ್ಧ ನನ್ನ ಅಂಗೈಯಲ್ಲಿತ್ತು, ನನ್ನದು ಅರ್ಧ ಅವರ ಅಂಗೈಯಲ್ಲಿ. ಸದ್ದು ಹೋಗಿತ್ತು, ಕುಣಿತ ಹೋಗಿರಲಿಲ್ಲ. ತೊಡೆಯಲ್ಲಿ, ಬೆನ್ನಿನಲ್ಲಿ ಅದು ಹಗ್ಗದ ಹಾಗೆ ಬಿಗಿದುಕೊಂಡು ಕೂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಲೆ ಅಲ್ಲಾಡಿಸಿದರು.

"ನಾನು ಬಸ್ಸು ಓಡಿಸಿದವಳು," ಎಂದರು ಆಮೇಲೆ. "ಸ್ಟಾಪಿನಲ್ಲಿ ಬಸ್ಸು ನಿಂತರೆ ಇಂಜಿನ್ ಆರಿಹೋಗಿರುವುದಿಲ್ಲ. ಜನ ಹತ್ತಲಿ ಎಂದು ನಿಂತಿರುತ್ತದೆ. ನೀನು ಬಾಗಿಲು ತೆರೆಯುವ ಮೊದಲೇ ಗಾಡಿ ಬಿಟ್ಟೆ."

ಅಷ್ಟು ವರ್ಷ ಸದ್ದು ಎಂದರೆ ಮುಚ್ಚಳ ಎಂದುಕೊಂಡಿದ್ದೆ. ಕೆಳಗೆ ಏನಿದೆ ಎಂದು ಎತ್ತಿ ನೋಡಿರಲಿಲ್ಲ. ಸೋದರಮಾವನ ಪಾಠ ತಪ್ಪು ಎಂದು ಈಗಲೂ ನಾನು ಹೇಳುವುದಿಲ್ಲ. ಮದುವೆ ಬೀದಿಗೆ ಅದೇ ಸರಿ. ಆದರೆ ಇದು ಬೇರೆ ಬೀದಿ. ಬೀದಿಗೆ ತಕ್ಕ ಹಾಗೆ ಊದದವನು ಎಂಥ ಬ್ಯಾಂಡಿನವನು?

ನದಿ ದಂಡೆ

ಶನಿವಾರ ಬೆಳಿಗ್ಗೆ ಅನಘಾಳನ್ನು ನದಿ ದಂಡೆಗೆ ಕರೆದೆ. ಅಲ್ಲಿ ಒಂದು ಪುಟ್ಟ ದೋಣಿ ಸೈಕಲ್ಲುಗಳನ್ನೂ ಜನರನ್ನೂ ಆಚೆ ದಡಕ್ಕೆ ದಾಟಿಸುತ್ತಿರುತ್ತದೆ. ಹುಲ್ಲಿನ ಮೇಲೆ ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡಳು.

"ನೋಡಮ್ಮ, ನಾನು ಭಿಕ್ಷೆ ಕೇಳ್ತಿಲ್ಲ," ಎಂದೆ. "ಒಂದ್ ಸಲ ಹಾಕು. ನಾನು ತಪ್ಪಿದ್ರೆ ಈ ಊರಿನವ್ರಿಗೆ ಕೊಡು. ಅವ್ರ ಕ್ಲಾರಿನೆಟ್ ಬಾಯಿಗೆ ಕಟ್ಟೋ ರೀಡನ್ನ ನಾನೇ ನೆನೆಸಿ ಕೊಡ್ತೀನಿ."

ಅವಳು ಹಾಡು ಬಿಟ್ಟಳು. ಸಂಗೀತ ನುಗ್ಗಿತು, ನಿಂತಿತು. ನದಿಯ ನೀರು ದಂಡೆಯನ್ನು ನೆಕ್ಕುವುದು ಕೇಳಿತು. ಅಷ್ಟರಲ್ಲಿ ನನ್ನ ಕಿವಿಯ ಹಿಂದೆಯೇ "ಹಾ... ಕ್ಷೀ!"

ಜೋಯಲ್. ಬೇಕೆಂದೇ. ನಾನು ಕದಲಲಿಲ್ಲ. ಮತ್ತೆ ಸೀನಿದ. ನನ್ನ ಉಸಿರು ಒಳಗೇ ಇತ್ತು. ನಾಲ್ಕು ಮುಗಿದಾಗ ಊದಿದೆ. ಅನಘಾಳ ತಾಳ ನನ್ನ ಕಾಲಡಿಗೆ ಸರಿಯಾಗಿ ಬಂದು ಸೇರಿತು.

"ಇನ್ನೊಂದ್ ಬಾಕಿ ಇದೆ," ಎಂದು ಜೋಯಲ್ ಮೂರನೆಯದನ್ನೂ ಸೀನಿದ. "ನಾಳೆ ಬಿಸಿಲು ಗ್ಯಾರಂಟಿ ಗುರು!"

ದೋಣಿಯಲ್ಲಿ ಸೈಕಲ್ ಹಿಡಿದು ನಿಂತಿದ್ದ ಹೆಂಗಸು ಇವನನ್ನು ಕಂಡು ಜೇಬಿನಿಂದ ಕರವಸ್ತ್ರ ತೆಗೆದು ತೋರಿಸಿದರು. ಅನಘಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, "ಹಬ್ಬದವ್ರಿಗೆ ಹೇಳ್ತೀನಿ ಅಂಕಲ್," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ನಾಳೆ ಅಲ್ಲಿ ತುಂಬಾ ಜನ ಇರ್ತಾರೆ," ಎಂದಳು.

"ಜನ ನಂಗೆ ಹೊಸದಾ?"

"ಜನ ಅಲ್ಲ. ಸುಮ್ನಿರೋ ಜನ."

ಅವಳು ಹೇಳಿದ್ದು ಸರಿಯಿತ್ತು.

ಚೌಕ

ಭಾನುವಾರ ಮಧ್ಯಾಹ್ನ ಬಿಸಿಲು ಬಂತು. ಜೋಯಲ್ ಅದಕ್ಕೆ ಎಲ್ಲರಿಂದ ಕೈ ಕುಲುಕಿಸಿಕೊಂಡ. ಊರ ನಡುವಿನ ಚೌಕ ನಮ್ಮ ಯಶವಂತಪುರದ ಸಂತೆ ಮೈದಾನದಷ್ಟು ದೊಡ್ಡದು. ಸುತ್ತ ಹಳೆಯ ಇಟ್ಟಿಗೆ ಮನೆಗಳು, ನಡುವೆ ಹಾಸಿದ ಮರದ ಹಲಗೆ, ಅದರ ಮೇಲೆ ಕುಣಿಯುವವರು. ಕೆಂಪು ಕೋಟಿನ ಗುಂಡಿಗಳನ್ನು ಬೆಳಿಗ್ಗೆಯೇ ಹುಣಸೆಹಣ್ಣು ಸಿಗದೆ ನಿಂಬೆಹಣ್ಣಿನಲ್ಲಿ ಉಜ್ಜಿದ್ದೆ. ವೇದಿಕೆಯ ಕೆಳಗೆ ಕೋಲಿಗೆ ಸಿಕ್ಕಿಸಿದ ಫೋನಿನ ಆಚೆ ತುದಿಯಲ್ಲಿ ಚಿಕ್ಕಬಾಣಾವರದ ಶೆಡ್ಡು ಇದೆ ಎಂದು ಗೊತ್ತಿತ್ತು.

ಒಂದರ ಮೇಲೊಂದು ಹಾಡು ಆಯಿತು. ಕೊನೆಗೆ ಅನಘಾ ಮೈಕಿನಲ್ಲಿ ಹೆಬ್ಬಾಳ ಎಂದರೆ ಏನು ಎಂದು ಆ ಜನಕ್ಕೆ ವಿವರಿಸಿದಳು. ಎಲ್ಲ ದಿಕ್ಕಿನಿಂದಲೂ ಎಲ್ಲರೂ ಬಂದು ಸೇರಿ ಯಾರೂ ಎಲ್ಲಿಗೂ ಹೋಗದ ಜಾಗ ಎಂದಳು. ಜನ ನಕ್ಕರು. ನಾನು ಮುಂದೆ ಬಂದು ನಿಂತೆ.

ಸಂಗೀತ ನುಗ್ಗಿತು. ಹಲಗೆಯ ಮೇಲೆ ಇನ್ನೂರು ಮುನ್ನೂರು ಪಾದ ಗುಡುಗಿದವು. ಆಮೇಲೆ ನಿಂತಿತು.

ನಾನು ಕ್ಲಾರಿನೆಟ್ಟನ್ನು ತುಟಿಯಿಂದ ಇಷ್ಟೇ ದೂರ ಇಟ್ಟುಕೊಂಡು ಮೊದಲ ಸಲ ಆ ಸುಮ್ಮನಿರುವ ಜನರನ್ನು ನೋಡಿದೆ. ಎತ್ತಿದ ಕೈಗಳು, ಅರ್ಧ ತಿರುಗಿದ ಲಂಗಗಳು, ಬೆವರು. ಯಾರದೋ ಸೈಕಲ್ಲಿನ ಚೈನು ಬೀದಿಯ ತುದಿಯಲ್ಲಿ ಕಿರುಗುಟ್ಟುತ್ತಾ ಹೋಯಿತು. ಯಾರೋ ಕೆಮ್ಮಿದರು. ಕೆಮ್ಮಲಿ.

ಆಗ ಕಂಡಿತು. ಹಲಗೆಯ ಅಂಚಿನಲ್ಲಿ ಒಬ್ಬ ಅಜ್ಜ ತಳ್ಳುಗಾಡಿಯಂಥ ಊರುಗೋಲನ್ನು ಬಿಟ್ಟು, ಹೆಂಡತಿಯ ಕೈ ಹಿಡಿದು, ಮೇಲೆ ಹತ್ತಲು ಒಂದು ಕಾಲು ಎತ್ತಿದ್ದಾರೆ. ಇಷ್ಟು ಹೊತ್ತೂ ಧೈರ್ಯ ಸಾಲದೆ ಕೂತಿದ್ದವರು, ಎಲ್ಲರೂ ನಿಂತಿದ್ದಾರಲ್ಲ, ಯಾರೂ ತಳ್ಳಿ ಬೀಳಿಸುವುದಿಲ್ಲ ಎಂದು ಈಗ ಎದ್ದು ಬಂದಿರಬೇಕು. ಒಂದು ಕಾಲು ಹಲಗೆಯ ಮೇಲಿದೆ, ಇನ್ನೊಂದು ಕೆಳಗೆ.

ನಾಲ್ಕು ಮುಗಿಯಿತು.

ನಾನು ಊದಲಿಲ್ಲ. ಸುಹಾಸ ಎತ್ತಿದ ಕೋಲು ಎತ್ತಿಯೇ ಇತ್ತು. ಪಕ್ಕಕ್ಕೆ ನೋಡಿದೆ. ಅನಘಾ ತಾಳದ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಒತ್ತಿದರೆ ಯಂತ್ರ ಹೊರಟುಬಿಡುತ್ತದೆ, ನನಗಾಗಿ ಕಾಯುವುದಿಲ್ಲ. ಅವಳ ಕಣ್ಣು ದೊಡ್ಡದಾಯಿತು. ಈ ಮನುಷ್ಯ ಮರೆತನೋ, ಹೆದರಿದನೋ ಎಂಬ ಹಾಗೆ. ನಾನು ಕಣ್ಣಿನಲ್ಲೇ ಅಂಚನ್ನು ತೋರಿಸಿದೆ. ಅವಳು ನೋಡಿದಳು. ಬೆರಳನ್ನು ಗುಂಡಿಯಿಂದ ಮೇಲಕ್ಕೆ ಎತ್ತಿ, ಗಾಳಿಯಲ್ಲಿ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು.

ಚೌಕ ಪೂರ್ತಿ ಕಾಯಿತು. ಯಾರಿಗೂ ಯಾಕೆಂದು ಗೊತ್ತಿಲ್ಲ, ಆದರೆ ಒಬ್ಬರೂ ಕೈ ಇಳಿಸಲಿಲ್ಲ. ಅಜ್ಜನ ಎರಡನೆಯ ಕಾಲು ಹಲಗೆಗೆ ಬಂತು. ಹೆಂಡತಿ ಅವರ ಸೊಂಟಕ್ಕೆ ಕೈ ಇಟ್ಟರು. ಅವರು ಟೋಪಿ ಸರಿಮಾಡಿಕೊಂಡು ತಲೆ ಎತ್ತಿದರು.

ನಾನು ಉಸಿರೆಳೆದೆ. ಅನಘಾ ಬೆರಳಿಳಿಸಿದಳು.

ಆ ಸದ್ದಿನ ವಿಷಯ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಮನೆಗಳ ನೆತ್ತಿಯ ಪಾರಿವಾಳಗಳೆಲ್ಲ ಎದ್ದವು ಎಂದಷ್ಟೇ ಹೇಳುತ್ತೇನೆ. ಅಜ್ಜ ಹೆಚ್ಚೇನೂ ಕುಣಿಯಲಿಲ್ಲ, ನಿಂತಲ್ಲೇ ಓಲಾಡಿದರು. ಸುತ್ತಲಿನವರು ಅವರಿಗೆ ಜಾಗ ಬಿಟ್ಟು ತಿರುಗಿದರು. ಹಾಡು ಮುಗಿದಾಗ ರಿಯಾ ಕೆಳಗಿನಿಂದ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಅನಘಾ ಬಂದು ನನ್ನ ಭುಜದ ಕುಚ್ಚನ್ನು ಹಿಡಿದು ಜಗ್ಗಿದಳು.

ವೇದಿಕೆ ಇಳಿಯುವ ಮೊದಲೇ ಜಯಮ್ಮನ ಫೋನು ಬಂತು. ಹಿಂದೆ ಶೆಡ್ಡಿನವರೆಲ್ಲ ಒಟ್ಟಿಗೆ ಕೂಗುತ್ತಿದ್ದರು.

"ರೀ, ಚೆನ್ನಾಗಿತ್ತು ಕಣ್ರೀ! ಆದ್ರೆ ಕೊನೇ ಹಾಡಲ್ಲಿ ಮಧ್ಯ ನೆಟ್‌ವರ್ಕ್ ಹೋಗ್ಬಿಡ್ತು. ಸೌಂಡೂ ಇಲ್ಲ, ಯಾರೂ ಅಲ್ಲಾಡ್ತಾನೂ ಇಲ್ಲ. ಇವ್ರೆಲ್ಲಾ ಟಿವಿನ ಕುಟ್ಟಿದ್ದೇ ಕುಟ್ಟಿದ್ದು!"

"ನೆಟ್‌ವರ್ಕ್ ಹೋಗಿರ್ಲಿಲ್ಲ ಕಣೇ," ಎಂದೆ. "ಅದು ನಾನು."